ಓದುಗರ ಪ್ರಶ್ನೆ: ಟ್ರೆಡ್‌ಮಿಲ್ ಹೇಳುವ ಕ್ಯಾಲರಿ ಎಷ್ಟು ದಿಟ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದವು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಕ್ಯಾಲರಿ ಅಂದಾಗಲೆಲ್ಲ ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಕಿಲೋಕ್ಯಾಲರಿ ಎಂದೇ ಓದಿಕೊಳ್ಳಿ. ಯಂತ್ರಗಳು ತೋರಿಸುವುದೂ ಅದನ್ನೇ.

ಪ್ರಶ್ನೆ: ಮನೆಯ ಟ್ರೆಡ್‌ಮಿಲ್ ಮೇಲೆ ದಿನಾ ಬೆಳಿಗ್ಗೆ 40 ನಿಮಿಷ, ಗಂಟೆಗೆ 5.5 ಕಿ.ಮೀ. ವೇಗದಲ್ಲಿ ನಡೆಯುತ್ತೇನೆ. ಏರು ಇಟ್ಟುಕೊಳ್ಳುವುದಿಲ್ಲ. ನನ್ನ ತೂಕ 62 ಕೆ.ಜಿ. ಮುಗಿಸಿದಾಗ ಟ್ರೆಡ್‌ಮಿಲ್ 238 ಕ್ಯಾಲರಿ ಅನ್ನುತ್ತದೆ, ಕೈಗೆ ಕಟ್ಟಿದ ವಾಚು 121 ಅನ್ನುತ್ತದೆ, ಮೊಬೈಲಿನ ಆ್ಯಪ್ 170 ಅನ್ನುತ್ತದೆ. ಯಾವುದನ್ನು ನಂಬಲಿ?
— ಗೃಹಿಣಿ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಮೂರರಲ್ಲಿ ಒಂದೂ ನಿಮ್ಮ ಕ್ಯಾಲರಿಯನ್ನು ಅಳೆದಿಲ್ಲ. ಅಳೆಯಬೇಕಾದರೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ನೀವು ಎಳೆದುಕೊಂಡ ಆಮ್ಲಜನಕವನ್ನೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಲೆಕ್ಕ ಹಾಕಬೇಕು. ದೇಹ 1 ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲರಿ ಖರ್ಚಾಯಿತು ಎಂದರ್ಥ. ಟ್ರೆಡ್‌ಮಿಲ್‌ಗೆ ಗೊತ್ತಿರುವುದು ಬೆಲ್ಟಿನ ವೇಗ, ಏರು, ಸಮಯ ಇಷ್ಟೇ. ಮಿಕ್ಕದ್ದು ಗುಣಾಕಾರ.

ಅನುಮಾನವಿದ್ದರೆ ಹೀಗೆ ಮಾಡಿ ನೋಡಿ. ಬೆಲ್ಟಿನ ಮೇಲೆ ಕಾಲಿಡದೆ ಎರಡು ಪಕ್ಕದ ಅಂಚುಗಳ ಮೇಲೆ ನಿಂತು, 5 ಕಿ.ಮೀ. ವೇಗ ಕೊಟ್ಟು, ಐದು ನಿಮಿಷ ಸುಮ್ಮನೆ ಓಡಲು ಬಿಡಿ. ನೀವು ನಿಂತೇ ಇರುತ್ತೀರಿ, ಪರದೆಯ ಮೇಲೆ ಕ್ಯಾಲರಿ ಮಾತ್ರ ನಡೆದಾಗ ಏರಿದ ಹಾಗೇ ಏರುತ್ತದೆ.

ಈಗ ನಿಮ್ಮ ಲೆಕ್ಕ. ಸಮತಟ್ಟಿನ ನಡಿಗೆಗೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೊಟ್ಟಿರುವ ಸೂತ್ರ ಎಲ್ಲೆಡೆ ಬಳಕೆಯಲ್ಲಿದೆ. ನಿಮಿಷಕ್ಕೆ ಎಷ್ಟು ಮೀಟರ್ ನಡೆಯುತ್ತೀರೋ ಅದನ್ನು 0.1ರಿಂದ ಗುಣಿಸಿ, 3.5 ಕೂಡಿಸಿದರೆ, ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬೇಕೆಂದು ಸಿಗುತ್ತದೆ. 5.5 ಕಿ.ಮೀ. ಎಂದರೆ ನಿಮಿಷಕ್ಕೆ ಸುಮಾರು 92 ಮೀಟರ್. 9.2ಕ್ಕೆ 3.5 ಸೇರಿದರೆ 12.7. ಅದನ್ನು 62 ಕೆ.ಜಿ.ಗೆ ಗುಣಿಸಿದರೆ 787 ಮಿಲಿಲೀಟರ್, ಅಂದರೆ ನಿಮಿಷಕ್ಕೆ 3.9 ಕ್ಯಾಲರಿ. 40 ನಿಮಿಷಕ್ಕೆ 157.

ಆದರೆ ಆ 157ರಲ್ಲಿ ನೀವು ಕುರ್ಚಿಯಲ್ಲಿ ಕೂತಿದ್ದರೂ ಖರ್ಚಾಗುತ್ತಿದ್ದದ್ದೂ ಸೇರಿದೆ. ಸೂತ್ರದಲ್ಲಿ ಬಂದ 3.5 ಅದೇ. 40 ನಿಮಿಷಕ್ಕೆ ಅದು 43 ಕ್ಯಾಲರಿ. ಅದನ್ನು ಕಳೆದರೆ ನಡಿಗೆಯಿಂದಲೇ ಆದ ಖರ್ಚು 114. ಈಗ ನಿಮ್ಮ ಮೂರು ಅಂಕಿಗಳನ್ನು ಮತ್ತೆ ನೋಡಿ. ವಾಚಿನ 121 ಬಹುತೇಕ ಈ ನಿವ್ವಳ ಖರ್ಚು. ಆ್ಯಪ್‌ನ 170 ಒಟ್ಟು ಖರ್ಚು. ಅದರಿಂದ 43 ಕಳೆದರೆ 127. ಅಲ್ಲಿಗೆ ವಾಚಿಗೂ ಆ್ಯಪ್‌ಗೂ ಜಗಳವೇ ಇಲ್ಲ. ನಿಮ್ಮ ವಾಚಿನ ವ್ಯಾಯಾಮದ ಪುಟದಲ್ಲಿ 'ಆಕ್ಟಿವ್', 'ಟೋಟಲ್' ಎಂದು ಎರಡು ಸಾಲು ಇದೆಯೇ ನೋಡಿ. ಗೊಂದಲದ ಅರ್ಧ ಪಾಲು ಅಲ್ಲೇ ತೀರುತ್ತದೆ.

ಉಳಿದದ್ದು ಟ್ರೆಡ್‌ಮಿಲ್‌ನ 238. ಶುರು ಮಾಡುವ ಮುಂಚೆ ತೂಕ ಕೇಳುವ ಯಂತ್ರವಾದರೆ ಪ್ರತಿ ಸಲವೂ 62 ಎಂದು ಒತ್ತಿ. ಒತ್ತದಿದ್ದರೆ ಅದು 70 ಕೆ.ಜಿ. ಆಸುಪಾಸಿನ ಯಾರೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತದೆ. ತೂಕವನ್ನು ಕೇಳುವುದೇ ಇಲ್ಲ ಎಂದಾದರೆ ದೂರವನ್ನೋ ಸಮಯವನ್ನೋ ಒಂದು ನಿಗದಿ ಸಂಖ್ಯೆಯಿಂದ ಗುಣಿಸುತ್ತಿದೆ, ಅಷ್ಟೆ. 75 ಕೆ.ಜಿ. ಎಂದು ಹಿಡಿದರೂ ಒಟ್ಟು ಖರ್ಚು 190 ದಾಟುವುದಿಲ್ಲ. 238ಕ್ಕೆ ಆಧಾರ ಇಲ್ಲ. ಆ ಸಾಲನ್ನು ಮರೆತುಬಿಡಿ.

ಮನಸ್ಸಿನಲ್ಲೇ ಹಾಕಬಹುದಾದ ಲೆಕ್ಕ ಒಂದಿದೆ: ಸಮತಟ್ಟಿನಲ್ಲಿ ನಡೆದರೆ, ತೂಕವನ್ನು ಕಿಲೋಮೀಟರಿಗೆ ಗುಣಿಸಿ ಅರ್ಧ ಮಾಡಿ. ಓಡಿದರೆ ಅರ್ಧ ಮಾಡಬೇಡಿ. ನಿಮ್ಮ 3.67 ಕಿ.ಮೀ.ಗೆ 62 ಗುಣಿಸಿ ಅರ್ಧ ಮಾಡಿದರೆ ಅದೇ 114 ಬರುತ್ತದೆ. ನಡಿಗೆಯ ಲೆಕ್ಕ ಗಂಟೆಗೆ 3ರಿಂದ 6 ಕಿ.ಮೀ. ವೇಗಕ್ಕೆ, ಓಟದ್ದು 8 ಕಿ.ಮೀ. ಮೇಲಿನ ವೇಗಕ್ಕೆ ಹೊಂದುತ್ತದೆ. ನಡುವಿನ ವೇಗದಲ್ಲಿ ಕೆಲವರು ನಡೆಯುತ್ತಾರೆ, ಕೆಲವರು ಓಡುತ್ತಾರೆ, ಅಲ್ಲಿ ಎರಡೂ ಸರಿಬಾರದು. ಅಮಾನಿಕೆರೆ ಏರಿಯ ಮೇಲೆ ನಡೆದರೂ ಲೆಕ್ಕ ಇದೇ.

ಇನ್ನೊಂದು ಮಾತು, ಕಂಬಿಯ ಬಗ್ಗೆ. ಮುಂದಿನ ಕಂಬಿ ಹಿಡಿದು ನಡೆದರೆ ನಿಮ್ಮ ತೂಕದ ಒಂದು ಪಾಲು ಕೈಗೆ ಹೋಗುತ್ತದೆ, ಖರ್ಚು ಇಳಿಯುತ್ತದೆ. ಟ್ರೆಡ್‌ಮಿಲ್‌ಗೆ ಇದು ತಿಳಿಯುವುದಿಲ್ಲ. ಏರು ಇಟ್ಟುಕೊಂಡಾಗ ನಷ್ಟ ಇನ್ನೂ ಹೆಚ್ಚು. ಶೇ 5 ಏರಿನಲ್ಲಿ ನಡಿಗೆಯ ನಿವ್ವಳ ಖರ್ಚು ಹೆಚ್ಚುಕಡಿಮೆ ಇಮ್ಮಡಿ ಆಗಬೇಕು. ಆದರೆ ಕಂಬಿಗೆ ಜೋತುಬಿದ್ದು ಹಿಂದಕ್ಕೆ ವಾಲಿದರೆ ಮೈ ಮತ್ತೆ ಬೆಲ್ಟಿಗೆ ನೇರವಾಗಿ ನಿಂತು, ಏರು ಇಟ್ಟದ್ದೇ ದಂಡ. ಕಂಬಿ ಹಿಡಿದ ಕೈಯಲ್ಲಿ ವಾಚಿದ್ದರೆ ಅದಕ್ಕೆ ಕೈ ಬೀಸುವುದು ಕಾಣದೆ ಹೆಜ್ಜೆಗಳೂ ತಪ್ಪಿಹೋಗುತ್ತವೆ. ತಲೆಸುತ್ತು, ಮಂಡಿನೋವು ಇರುವವರು ಮಾತ್ರ ಕಂಬಿ ಬಿಡಬೇಡಿ. ವೇಗ ತಗ್ಗಿಸಿಕೊಳ್ಳಿ.

ಪ್ರಶ್ನೆ: ನಿವೃತ್ತನಾದ ಮೇಲೆ ಮನೆಗೆ ಮ್ಯಾಗ್ನೆಟಿಕ್ ಸೈಕಲ್ ತಂದಿದ್ದೇನೆ. ತಿರುಪನ್ನು 1ರಲ್ಲಿಟ್ಟು ಅರ್ಧ ಗಂಟೆ ತುಳಿದರೂ 8ರಲ್ಲಿಟ್ಟು ಏದುಸಿರು ಬಿಡುತ್ತಾ ತುಳಿದರೂ ಕ್ಯಾಲರಿ ಒಂದೇ ಬರುತ್ತದೆ. ಕೆಲವು ದಿನ ತುಳಿಯುತ್ತಿದ್ದಾಗಲೇ ವೇಗ ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ. ರಿಪೇರಿ ಮಾಡಿಸಬೇಕೆ?
— ನಿವೃತ್ತ ಶಿಕ್ಷಕರು, ಮಾಲೂರು

ಉತ್ತರ: ಎರಡೂ ಬೇರೆ ಬೇರೆ ಸಂಗತಿಗಳು ಮೇಷ್ಟ್ರೇ. ಮೊದಲನೆಯದು ಕೆಟ್ಟದ್ದಲ್ಲ, ಯಂತ್ರವನ್ನು ಕಟ್ಟಿರುವುದೇ ಹಾಗೆ. ಎರಡನೆಯದು ದೋಷ, ಮನೆಯಲ್ಲೇ ಸರಿಹೋಗುತ್ತದೆ.

ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ತಿರುಪಿನಿಂದ ಒಂದು ತಂತಿ ಒಳಗೆ ಇಳಿದು, ಭಾರದ ಗಾಲಿಯ ಹತ್ತಿರ ಇರುವ ಅಯಸ್ಕಾಂತಗಳನ್ನು ಹಿಂದೆ ಮುಂದೆ ಸರಿಸುತ್ತದೆ. ಅಯಸ್ಕಾಂತ ಹತ್ತಿರ ಬಂದಷ್ಟೂ ಗಾಲಿಯ ಲೋಹದಲ್ಲಿ ಸುಳಿ ವಿದ್ಯುತ್ ಹೆಚ್ಚಿ ತುಳಿತ ಬಿಗಿಯಾಗುತ್ತದೆ. ಈ ತಂತಿಗೂ ಪರದೆಗೂ ಯಾವ ಸಂಬಂಧವೂ ಇಲ್ಲ. ಪರದೆಗೆ ಹೋಗುವುದು ಬೇರೆಯೇ ಎರಡು ಎಳೆಯ ವೈರು. ತಿರುಗುವ ಚಕ್ರಕ್ಕೆ ಅಂಟಿಸಿದ ಚಿಕ್ಕ ಅಯಸ್ಕಾಂತದ ಬಿಲ್ಲೆ ಒಂದು ರೀಡ್ ಸ್ವಿಚ್‌ನ (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್) ಮುಂದೆ ಹಾದಾಗಲೆಲ್ಲ ಒಂದು ಎಣಿಕೆ ಹೋಗುತ್ತದೆ. ಆ ಎಣಿಕೆಯಿಂದಲೇ ವೇಗ, ದೂರ, ಕ್ಯಾಲರಿ ಎಲ್ಲವೂ. ನೀವು ಪಡುತ್ತಿರುವ ಕಷ್ಟ ಅದರ ಲೆಕ್ಕಕ್ಕೆ ಸಿಗುವ ದಾರಿಯೇ ಇಲ್ಲ.

ವೇಗ ಸೊನ್ನೆಗೆ ಬೀಳುವುದಕ್ಕೆ ಮೊದಲು ಸೆಲ್ ಬದಲಿಸಿ ನೋಡಿ. ಆಮೇಲೆ ಪರದೆಯ ಹಿಂದಿನ ಪಿನ್ ಕಿತ್ತು, ಒರೆಸಿ, ಮತ್ತೆ ಒತ್ತಿ ಕೂರಿಸಿ. ಇನ್ನೂ ಬೀಳುತ್ತಿದ್ದರೆ ಪಕ್ಕದ ಪ್ಲಾಸ್ಟಿಕ್ ಕವಚ ಬಿಚ್ಚಬೇಕು. ಬಿಲ್ಲೆಗೂ ಸ್ವಿಚ್ಚಿಗೂ ನಡುವೆ ಕೆಲವೇ ಮಿಲಿಮೀಟರ್ ಸಂದು ಇರಬೇಕು. ಸ್ವಿಚ್ಚು ಸಡಿಲವಾಗಿ ಹಿಂದಕ್ಕೆ ವಾಲಿದರೆ ಒಂದು ಸುತ್ತು ಎಣಿಸಿ ಇನ್ನೊಂದನ್ನು ಬಿಡುತ್ತದೆ. ಮುಂದಕ್ಕೆ ಬಾಗಿಸಿ, ಸ್ಕ್ರೂ ಬಿಗಿ ಮಾಡಿ. ಪೆಡಲನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ ವೇಗ ನಿಂತಲ್ಲಿ ನಿಲ್ಲುತ್ತದೆಯೇ ನೋಡಿ ಕವಚ ಮುಚ್ಚಿ.

ಸೈಕಲ್‌ನಲ್ಲಿ ನಂಬಬಹುದಾದ ಅಂಕಿ ಎಂದರೆ ವಾಟ್, ಅಂದರೆ ಪೆಡಲಿಗೆ ನೀವು ಸೆಕೆಂಡಿಗೆ ಕೊಡುವ ಶಕ್ತಿ. ಸರಿಯಾಗಿ ಅಳೆಯುವ ಯಂತ್ರದಲ್ಲಿ ವಾಟನ್ನು ಸೆಕೆಂಡುಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಕಿಲೋಜೂಲ್ ಬರುತ್ತದೆ. 80 ವಾಟ್‌ನಲ್ಲಿ ಅರ್ಧ ಗಂಟೆ ತುಳಿದರೆ 144 ಕಿಲೋಜೂಲ್. ದೇಹ ಖರ್ಚು ಮಾಡಿದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಶೇ 20ರಿಂದ 25, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. 1 ಕ್ಯಾಲರಿ ಎಂದರೆ 4.184 ಕಿಲೋಜೂಲ್. ಕಿಲೋಜೂಲನ್ನು ಕ್ಯಾಲರಿ ಮಾಡಲು ಸುಮಾರು ನಾಲ್ಕರಿಂದ ಭಾಗಿಸಬೇಕು, ಬಿಸಿಯಾಗಿ ಹೋದದ್ದನ್ನೂ ಸೇರಿಸಲು ನಾಲ್ಕರಿಂದಲೋ ಐದರಿಂದಲೋ ಗುಣಿಸಬೇಕು, ಹಾಗಾಗಿ ಕಿಲೋಜೂಲ್‌ನ ಅಂಕಿಯೇ ಹೆಚ್ಚುಕಡಿಮೆ ಕ್ಯಾಲರಿಯ ಅಂಕಿಯೂ ಆಗುತ್ತದೆ: ಇಲ್ಲಿ ಸುಮಾರು 138ರಿಂದ 172ರ ಒಳಗೆ. ನಿಮ್ಮ ಸೈಕಲ್‌ನಲ್ಲಿ ವಾಟ್ ಇಲ್ಲ, ಅದಕ್ಕೆ ಹೊಸ ಯಂತ್ರವೇನೂ ಬೇಡ. ತಿರುಪಿನ ಸಂಖ್ಯೆ, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ನಿಮಿಷ, ಈ ಮೂರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಬನ್ನಿ. ಅದು ಕ್ಯಾಲರಿಗಿಂತ ಸತ್ಯವಾದ ದಾಖಲೆ.

ಪ್ರಶ್ನೆ: ಸಣ್ಣ ಜಿಮ್ ನಡೆಸುತ್ತೇನೆ. ಒಂದೇ ಮಾದರಿಯ ಎರಡು ಟ್ರೆಡ್‌ಮಿಲ್ ಇವೆ. 6 ಕಿ.ಮೀ. ವೇಗ ಇಟ್ಟರೆ ಕಿಟಕಿ ಪಕ್ಕದ್ದು ಹಗುರ, ಬಾಗಿಲ ಪಕ್ಕದ್ದು ಕಷ್ಟ ಅನ್ನುತ್ತಾರೆ ಬರುವವರು. ಪರದೆಯ ಮೇಲೆ ದೂರವೂ ಕ್ಯಾಲರಿಯೂ ಎರಡರಲ್ಲೂ ಒಂದೇ. ಪರೀಕ್ಷಿಸುವುದು ಹೇಗೆ?
— ಶಿಡ್ಲಘಟ್ಟ

ಉತ್ತರ: ಬರುವವರ ಕಾಲು ಸುಳ್ಳು ಹೇಳುತ್ತಿಲ್ಲ ಅನಿಸುತ್ತದೆ. ವೇಗ ತಪ್ಪಾದರೆ ದೂರ ತಪ್ಪು, ಕ್ಯಾಲರಿಯೂ ತಪ್ಪು. ಪರೀಕ್ಷೆಗೆ ಬೇಕಾಗುವುದು ದರ್ಜಿಯ ಟೇಪು, ಸೀಮೆಸುಣ್ಣ, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಇಬ್ಬರು ಜನ.

ಪ್ಲಗ್ ಕಿತ್ತು, ಬೆಲ್ಟಿನ ಅಂಚಿನಲ್ಲಿ ದಪ್ಪಗೆ ಒಂದು ಗೆರೆ ಎಳೆಯಿರಿ. ಬೆಲ್ಟನ್ನು ಕೈಯಿಂದ ಸರಿಸುತ್ತಾ ತುಂಡುತುಂಡಾಗಿ ಅಳೆದು, ಗೆರೆಯಿಂದ ಗೆರೆಗೆ ಪೂರ್ತಿ ಸುತ್ತಿನ ಉದ್ದ ಬರೆದುಕೊಳ್ಳಿ. 2.9 ಮೀಟರ್ ಬಂತು ಎಂದಿಟ್ಟುಕೊಳ್ಳಿ. ಈಗ ಪ್ಲಗ್ ಹಾಕಿ, 6 ಕಿ.ಮೀ. ವೇಗ ಕೊಟ್ಟು, 75–80 ಕೆ.ಜಿ. ತೂಕದ ಒಬ್ಬರನ್ನು ನಡೆಯಲು ಬಿಡಿ. ಇನ್ನೊಬ್ಬರು ಹಿಂದಿನ ರೋಲರ್ ಹತ್ತಿರ, ಬೆರಳು ಬಟ್ಟೆ ದೂರವಿಟ್ಟುಕೊಂಡು ಕೂತು ಗೆರೆ ಹಾಯುವುದನ್ನು ಎಣಿಸಲಿ. ಸ್ಟಾಪ್‌ವಾಚ್ ಒತ್ತಿದಾಗ ಸೊನ್ನೆ, ಮುಂದಿನದು ಒಂದು. ಶುರುವಿನಲ್ಲೇ ಒಂದು ಎಂದು ಎಣಿಸಿ ಒಂದು ಸುತ್ತು ಕಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. 20 ಸುತ್ತಿಗೆ 58 ಮೀಟರ್. ವೇಗ ನಿಜಕ್ಕೂ 6 ಆಗಿದ್ದರೆ 34.8 ಸೆಕೆಂಡ್ ಹಿಡಿಯಬೇಕು. 38 ಸೆಕೆಂಡ್ ಹಿಡಿಯಿತೆಂದರೆ ನಿಜವಾದ ವೇಗ 5.5, ಪರದೆ ಶೇ 9ರಷ್ಟು ಹೆಚ್ಚು ಹೇಳುತ್ತಿದೆ.

ಇದನ್ನೇ ಬೆಲ್ಟ್ ಖಾಲಿ ಇಟ್ಟು ಇನ್ನೊಮ್ಮೆ ಮಾಡಿ. ಖಾಲಿಯಲ್ಲೂ ಅಷ್ಟೇ ತಪ್ಪಿದ್ದರೆ ವೇಗದ ಸೆಟ್ಟಿಂಗ್ ತಪ್ಪಿದೆ, ಸರ್ವೀಸ್‌ನವರು ಸರಿಮಾಡಬೇಕು. ಖಾಲಿಯಲ್ಲಿ ಸರಿಯಿದ್ದು ಜನ ಹತ್ತಿದಾಗ ನಿಧಾನವಾದರೆ ಬೆಲ್ಟ್ ಜಾರುತ್ತಿರಬಹುದು. ವೇಗದ ಸೆನ್ಸರ್ ಸಾಮಾನ್ಯವಾಗಿ ಮುಂದಿನ ರೋಲರ್ ಅಥವಾ ಮೋಟಾರ್ ಕಡೆ ಇರುವುದರಿಂದ, ರೋಲರ್ ತಿರುಗಿ ಬೆಲ್ಟ್ ನಿಂತರೂ ಪರದೆಗೆ ಅದು ನಡೆದ ಲೆಕ್ಕವೇ.

ಜಾರುವುದಕ್ಕೆ ಮೊದಲ ಕಾರಣ ಬೆಲ್ಟಿನ ಅಡಿ ಒಣಗಿರುವುದು. ಸ್ವಿಚ್ ಆರಿಸಿ ಬೆಲ್ಟಿನ ಕೆಳಗೆ ಕೈ ತೂರಿಸಿ ಹಲಗೆ ಸವರಿ. ಬೆರಳಿಗೆ ನಯವಾದ ಜಿಡ್ಡು ತಾಗದೆ ಬರೀ ಕಪ್ಪು ಧೂಳು ಬಂದರೆ, ಒಣ ಬಟ್ಟೆಯಿಂದ ಒರೆಸಿ, ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟು ಸಿಲಿಕಾನ್ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡವೇ ಬೇಡ, ಬೆಲ್ಟ್ ಹಾಳಾಗುತ್ತದೆ. ಆಮೇಲೂ ಜಾರಿದರೆ ಹಿಂದಿನ ಎರಡು ಬೋಲ್ಟನ್ನು ಅಲೆನ್ ಕೀಯಿಂದ ಕಾಲು ಕಾಲು ಸುತ್ತು, ಎರಡು ಕಡೆಯೂ ಸಮನಾಗಿ ಬಿಗಿ ಮಾಡಿ. ಬೆಲ್ಟನ್ನು ನಡುವೆ ಹಿಡಿದೆತ್ತಿದರೆ ಎರಡು ಮೂರು ಅಂಗುಲ ಮೇಲೇಳಬೇಕು. ಅದಕ್ಕಿಂತ ಬಿಗಿಯಾದರೆ ಮೋಟಾರಿಗೂ ಬೇರಿಂಗಿಗೂ ಕಷ್ಟ.

ಹಾಗೇ ಏರನ್ನೂ ನೋಡಿಬಿಡಿ. ಹಲಗೆಯ ಪಕ್ಕದಲ್ಲಿ 1 ಮೀಟರ್ ಅಂತರಕ್ಕೆ ಎರಡು ಗುರುತು ಹಾಕಿ, ಎರಡರ ಎತ್ತರವನ್ನೂ ನೆಲದಿಂದ ಅಳೆಯಿರಿ. ವ್ಯತ್ಯಾಸ ಎಷ್ಟು ಸೆಂಟಿಮೀಟರೋ ಏರು ಶೇಕಡ ಅಷ್ಟೇ. ನೆಲ ಮಟ್ಟವಾಗಿರಬೇಕು. ಎಷ್ಟೋ ಯಂತ್ರಗಳಲ್ಲಿ ಪರದೆಯ 5 ಎನ್ನುವುದು ಬರೀ ಐದನೇ ಮೆಟ್ಟಿಲು, ಶೇ 5 ಅಲ್ಲ. 'ಕಿಟಕಿ ಪಕ್ಕದ್ದು ಹಗುರ' ಎನ್ನುವುದರ ಗುಟ್ಟು ಇಲ್ಲೂ ಇರಬಹುದು: ಮುಂದಿನ ಕಾಲಿನ ಕೆಳಗೆ ನೆಲ ಅರ್ಧ ಇಂಚು ತಗ್ಗಾಗಿದ್ದರೂ ಸಾಕು.

ದೋಣಿಗೆ ಹುಟ್ಟು ಹಾಕುವ ಹಾಗೆ ಎಳೆಯುವ ರೋಯಿಂಗ್ ಯಂತ್ರದ ಬಗ್ಗೆಯೂ ಕೇಳಿದ್ದೀರಿ. ಕಾನ್ಸೆಪ್ಟ್ 2 ಕಂಪನಿಯ ಯಂತ್ರದ ಲೆಕ್ಕ ಬಹಿರಂಗವಾಗಿದೆ, ಅದಕ್ಕೇ ಅದರ ಮೇಲೆ ನಮಗೆ ಗೌರವ. ವಾಟನ್ನು 4ರಿಂದಲೂ 0.8604ರಿಂದಲೂ ಗುಣಿಸಿ, 300 ಕೂಡಿಸಿ, ಗಂಟೆಗೆ ಇಷ್ಟು ಕ್ಯಾಲರಿ ಎನ್ನುತ್ತದೆ. ಆ 300 ಸುಮಾರು 79 ಕೆ.ಜಿ. ತೂಕದವರಿಗೆ ಇಟ್ಟದ್ದು. 55 ಕೆ.ಜಿ.ಯವರಿಗೆ ಅದು 208 ಆಗಬೇಕು. 100 ವಾಟ್‌ನಲ್ಲಿ ಪರದೆ ಗಂಟೆಗೆ 644 ಎಂದರೆ ಅವರ ಲೆಕ್ಕ 552.

ಪ್ರಶ್ನೆ: ಕ್ರಾಸ್ ಟ್ರೇನರ್ (ನಿಂತುಕೊಂಡು ಕೈಕಾಲು ಎರಡನ್ನೂ ಆಡಿಸುವ ಯಂತ್ರ) ಮೇಲೆ ಅಷ್ಟೇ ಹೊತ್ತಿಗೆ ಟ್ರೆಡ್‌ಮಿಲ್‌ಗಿಂತ ತುಂಬಾ ಹೆಚ್ಚು ಕ್ಯಾಲರಿ ಬರುತ್ತದೆ. ಅದಕ್ಕೆ ಬದಲಾಗಲೇ?
— ಕಾಲೇಜು ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಆ ಅಂಕಿ ನೋಡಿ ಬದಲಾಗಬೇಡಿ. ನಡಿಗೆ, ಓಟ, ಸೈಕಲ್‌ಗೆ ಇರುವಂಥ ಎಲ್ಲರೂ ಒಪ್ಪಿದ ಸೂತ್ರ ಕ್ರಾಸ್ ಟ್ರೇನರ್‌ಗೆ ಇಲ್ಲ. ಒಂದೊಂದು ಕಂಪನಿಯದು ಹೆಜ್ಜೆಯ ಉದ್ದ ಬೇರೆ, ಗಾಲಿಯ ಭಾರ ಬೇರೆ. ಕೈಯಿಂದ ನಿಜಕ್ಕೂ ಎಳೆಯುತ್ತಿದ್ದೀರೋ ಹಿಡಿಗಳ ಮೇಲೆ ಕೈ ಇಟ್ಟುಕೊಂಡಿದ್ದೀರೋ ಅದಕ್ಕೆ ಗೊತ್ತಾಗುವುದಿಲ್ಲ. ಮಂಡಿಗೆ ಹಿತ ಎನಿಸಿದರೆ ಮಾಡಿ.

ಪ್ರಶ್ನೆ: ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಎಷ್ಟು ಬಿರುಸಾಗಿ ನಡೆದರೂ ವಾಚು ಕಡಿಮೆ ಕ್ಯಾಲರಿ ತೋರಿಸುತ್ತದೆ. ಒಂದೇ ಟ್ರೆಡ್‌ಮಿಲ್ ಮೇಲೆ ಹೆಂಡತಿಯ ವಾಚು ಹೆಚ್ಚು ತೋರಿಸುತ್ತದೆ.
— ಕೋಲಾರ

ಉತ್ತರ: ಆ ಮಾತ್ರೆಯ ಕೆಲಸವೇ ಹೃದಯದ ಬಡಿತ ತಗ್ಗಿಸುವುದು. ವಾಚು ಬಡಿತದಿಂದ ಕ್ಯಾಲರಿ ಊಹಿಸುತ್ತದೆ. ಬಡಿತ ಏರದಿದ್ದರೆ 'ಇವರು ಆರಾಮಾಗಿದ್ದಾರೆ' ಎಂದುಕೊಳ್ಳುತ್ತದೆ. ಅಟೆನೊಲಾಲ್‌ನಂಥ ಅದೇ ಗುಂಪಿನ ಮಾತ್ರೆಗಳಿಗೂ ಹೀಗೆಯೇ. ಇದಕ್ಕಾಗಿ ಮಾತ್ರೆ ಬಿಡುವುದು, ಹೊತ್ತು ಬದಲಿಸುವುದು ಮಾಡಬೇಡಿ. ಬಡಿತವನ್ನು ಗುರಿಯಾಗಿಟ್ಟುಕೊಂಡು ವೇಗ ಏರಿಸುತ್ತಾ ಹೋಗುವುದೂ ಬೇಡ. ಎಷ್ಟು ಬಿರುಸು ಸರಿ ಎಂದು ವೈದ್ಯರನ್ನೇ ಕೇಳಿ. ದಿನನಿತ್ಯಕ್ಕೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸನ್ನು ಗುರುತಿಗೆ ಇಟ್ಟುಕೊಳ್ಳಬಹುದು.

ಇದರ ತಿರುಗುಮುರುಗೂ ಆಗುತ್ತದೆ. ಏಪ್ರಿಲ್ ಬಿಸಿಲಿಗೆ, ನಿದ್ದೆಗೆಟ್ಟಾಗ, ಖಡಕ್ ಕಾಫಿ ಕುಡಿದಾಗ ಅದೇ ನಡಿಗೆಗೆ ಬಡಿತ ಹೆಚ್ಚುತ್ತದೆ, ವಾಚಿನ ಕ್ಯಾಲರಿಯೂ ಹೆಚ್ಚುತ್ತದೆ. ಮೈ ಖರ್ಚು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚು ಮತ್ತು ಬ್ಯಾಂಡ್‌ಗಳನ್ನು 60 ಜನರಿಗೆ ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು, ಬಡಿತವನ್ನು ಶೇ 5ರ ಒಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ 27 ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93. ಇಬ್ಬರ ವಾಚನ್ನು ಹೋಲಿಸುವುದು ಬಿಟ್ಟುಬಿಡಿ.

ಪ್ರಶ್ನೆ: ಮೂರು ತಿಂಗಳಿಂದ ವಾರಕ್ಕೆ ಆರು ದಿನ, ದಿನಕ್ಕೆ 45 ನಿಮಿಷ 6 ಕಿ.ಮೀ. ವೇಗದಲ್ಲಿ ನಡೆಯುತ್ತಿದ್ದೇನೆ. ಯಂತ್ರ ಪ್ರತಿ ಸಲ 300 ತೋರಿಸುತ್ತದೆ. 7,700 ಕ್ಯಾಲರಿಗೆ 1 ಕೆ.ಜಿ. ಎಂದು ಓದಿದ್ದೆ. ಆ ಲೆಕ್ಕದಲ್ಲಿ 3 ಕೆ.ಜಿ. ಇಳಿಯಬೇಕಿತ್ತು. 70 ಇದ್ದದ್ದು 69 ಆಗಿದೆ. ಎಲ್ಲಿ ತಪ್ಪಿದೆ?
— ಅಂಗಡಿ ಮಾಲೀಕರು, ಶಿರಾ

ಉತ್ತರ: ನಿಮ್ಮ ಶ್ರಮದಲ್ಲಿ ತಪ್ಪಿಲ್ಲ. 12 ವಾರಕ್ಕೆ 72 ದಿನ, ಒಂದು ದಿನವೂ ತಪ್ಪಿಸಿಲ್ಲ, ಅದು ದೊಡ್ಡದು. ತಪ್ಪು 300ರಲ್ಲಿದೆ.

ದಿನಕ್ಕೆ 4.5 ಕಿ.ಮೀ., 70 ಕೆ.ಜಿ., ಗುಣಿಸಿ ಅರ್ಧ ಮಾಡಿದರೆ 157. ಅದು 72 ದಿನಕ್ಕೆ ಸುಮಾರು 11,300 ಕ್ಯಾಲರಿ, 7,700ರಿಂದ ಭಾಗಿಸಿದರೆ ಒಂದೂವರೆ ಕೆ.ಜಿ. ಯಂತ್ರದ 21,600 ಅಲ್ಲೇ ಅರ್ಧಕ್ಕೆ ಇಳಿಯಿತು. ಇಳಿದದ್ದು 1 ಕೆ.ಜಿ. ಹಾಗಾದರೆ ಲೆಕ್ಕಕ್ಕೆ ಸಿಗದೆ ಹೋದದ್ದು ಅರ್ಧ ಕೆ.ಜಿ.ಗೂ ಸ್ವಲ್ಪ ಕಡಿಮೆ. ಅದನ್ನು 84 ದಿನಕ್ಕೆ ಹಂಚಿದರೆ ದಿನಕ್ಕೆ 43 ಕ್ಯಾಲರಿ. 5 ಗ್ರಾಂನ ಒಂದು ಚಮಚ ಸಕ್ಕರೆಗೆ 20 ಕ್ಯಾಲರಿ, ಅಂದರೆ ಎರಡು ಚಮಚಕ್ಕಿಂತ ಚೂರು ಹೆಚ್ಚು. ನಡೆದು ಬಂದ ಮೇಲೆ ಅಂಗಡಿಯಲ್ಲಿ ಕುಡಿಯುವ ಒಂದು ಹೆಚ್ಚುವರಿ ಟೀ ಇದ್ದರೂ ಸರಿಹೋಗುತ್ತದೆ.

'300 ಕರಗಿಸಿದ್ದೇನೆ, ಒಂದು ಮುದ್ದೆ ಜಾಸ್ತಿ ತಿನ್ನಬಹುದೆ' ಎಂದೂ ಕೇಳಿದ್ದೀರಿ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲರಿ. ಅಷ್ಟು ಹಿಟ್ಟಿನ ಮುದ್ದೆ ನಿಮ್ಮ ಎರಡು ದಿನದ ನಡಿಗೆಗೆ ಸಮ. ಹಸಿವಾದರೆ ಉಣ್ಣಿ, ಆದರೆ ಯಂತ್ರದ ಅಂಕಿ ನೋಡಿಕೊಂಡು ಬಡಿಸಿಕೊಳ್ಳಬೇಡಿ. ಬೇಕೇ ಬೇಕೆಂದರೆ ಅದು ತೋರಿಸಿದ್ದರಲ್ಲಿ ಅರ್ಧ ಎಂದು ಹಿಡಿಯಿರಿ.

ತೂಕವನ್ನು ನಡೆದು ಬಂದ ಕೂಡಲೇ ನೋಡಬೇಡಿ, ಆಗ ಇಳಿದಿರುವುದು ಬೆವರಿನ ನೀರು. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ಕುಡಿಯುವ ಮುಂಚೆ, ಅದೇ ತಕ್ಕಡಿ, ಅದೇ ಗಟ್ಟಿ ನೆಲ. ದಿನಾ ನೋಡಿ ಬರೆದು, ಏಳು ದಿನಕ್ಕೊಮ್ಮೆ ಸರಾಸರಿ ತೆಗೆಯಿರಿ. ಈ ವಾರದ ಸರಾಸರಿಯನ್ನು ನಾಲ್ಕು ವಾರದ ಹಿಂದಿನದಕ್ಕೆ ಹೋಲಿಸಿ.